ಹಿಂದಿನ ಮೂರು ಸಾಲು

ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ಮಹೇಶ್ವರಿ ಚಿಮಟದ ತುದಿಯನ್ನು ಮೊಗ್ಗಿನೊಳಗೆ ಇಳಿಸಿದಳು. ಉಸಿರಾಡಲಿಲ್ಲ. ಉಸಿರಾಡಿದರೆ ಕೈ ನಡುಗುತ್ತದೆ. ಹಳದಿ ಕೊಳವೆ ಚಿಮಟಕ್ಕೆ ಸಿಕ್ಕಿತು. ಎಳೆದಳು. ಬಂತು. ನಡುವೆ ಸೂಜಿಯಷ್ಟು ಸಣ್ಣ ಹಸಿರು ಕಡ್ಡಿ ಮುರಿಯದೆ ನಿಂತಿತ್ತು.

"ಇಪ್ಪತ್ತಾರು," ಎಂದಳು ಗಟ್ಟಿಯಾಗಿ.

ಚಿಮಟವನ್ನು ಬಾಯಲ್ಲಿ ಕಚ್ಚಿಕೊಂಡು ಕುಪ್ಪಸದಿಂದ ಬಾಲ್‌ಪೆನ್ ತೆಗೆದಳು. ಎಡ ಮುಂಗೈಯ ಒಳಭಾಗದಲ್ಲಿ ಆಗಲೇ ಗೀಟುಗಳ ಸಾಲಿತ್ತು. ಇನ್ನೊಂದು ಎಳೆದಳು. ಸೊಟ್ಟಗೆ ಬಂತು. ಸೊಟ್ಟಗಿದ್ದರೂ ಗೀಟು ಗೀಟೇ. ನಾಳೆ ಬೆಳಿಗ್ಗೆ ಯಾರಾದರೂ ನೀನು ನಿನ್ನೆ ಇಲ್ಲಿಗೆ ಬಂದೇ ಇಲ್ಲ ಎಂದರೆ ಕೈ ಮುಂದೆ ಚಾಚಬಹುದು.

ಹತ್ತು ಗುಂಟೆ ಜಾಗಕ್ಕೆ ಮೇಲೆ, ಸುತ್ತ, ಬಿಳಿ ಪರದೆ ಕಟ್ಟಿತ್ತು. ಒಳಗೆ ಟೊಮೆಟೊ ಗಿಡಗಳು, ಒಂದೊಂದೂ ಹಗ್ಗಕ್ಕೆ ಬಿಗಿದು ನೆಟ್ಟಗೆ ನಿಲ್ಲಿಸಿದ್ದು. ಮುಂದಿನ ಸಾಲುಗಳಲ್ಲಿ ಆರು ಮಂದಿ ಹೆಂಗಸರು ಮಾತಾಡುತ್ತ, ನಗುತ್ತ, ಕೈ ಮಾತ್ರ ನಿಲ್ಲಿಸದೆ ಕೆಲಸ ಮಾಡುತ್ತಿದ್ದರು. ಹಿಂದಿನ ಮೂರು ಸಾಲಿನಲ್ಲಿ ಮಹೇಶ್ವರಿ ಒಬ್ಬಳೇ. ತಲೆಗೆ ಗದ್ದಲ ಆಗಬಾರದೆಂದು ಡಾಕ್ಟರು ಹೇಳಿದ್ದಾರೆ, ನೀನು ಹಿಂದಿನ ಮೂರು ಸಾಲು ನೋಡಿಕೋ ಎಂದು ಗಂಡ ತಿರುಮಲೇಶ ಕೊಟ್ಟಿದ್ದ.

ಈ ಕೆಲಸಕ್ಕೆ ಕುಷ್ಟಗಿ ಸುತ್ತಮುತ್ತ ಕ್ರಾಸಿಂಗ್ ಅನ್ನುತ್ತಾರೆ. ಬೀಜದ ಕಂಪನಿಯವರು ಎರಡು ತಳಿಯ ಸಸಿ ಕೊಡುತ್ತಾರೆ, ಒಂದು ಹೆಣ್ಣು, ಒಂದು ಗಂಡು. ಹೆಣ್ಣು ಗಿಡದ ಮೊಗ್ಗು ನಾಳೆ ಅರಳುತ್ತದೆ ಅನ್ನುವಾಗ ಹಿಂದಿನ ಮಧ್ಯಾಹ್ನವೇ ಅದನ್ನು ಬಿಡಿಸಿ ಒಳಗಿನ ಹಳದಿ ಕೊಳವೆಯನ್ನು ಕೀಳಬೇಕು, ಅದು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಬಾರದು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವಿನ ಪುಡಿಯನ್ನು ಬೆರಳಿನ ಉಂಗುರದಲ್ಲಿ ತುಂಬಿಕೊಂಡು ಬಂದು ಉಳಿದ ಕಡ್ಡಿಯ ತುದಿಗೆ ಮುಟ್ಟಿಸಬೇಕು. ಮುಟ್ಟಿಸಿದ ಗುರುತಿಗೆ ಹೂವಿನ ಕೆಳಗಿನ ಹಸಿರು ಎಸಳಲ್ಲಿ ಎರಡನ್ನು ಕತ್ತರಿಸಬೇಕು. ಗುರುತಿಲ್ಲದ ಹಣ್ಣು ತಿಪ್ಪೆಗೆ. ತಪ್ಪು ಹೂವಿಗೆ ಗುರುತು ಬಿದ್ದರೆ ಕಂಪನಿಯವರು ಇಡೀ ಬೀಜವನ್ನು ಒಲ್ಲೆನ್ನುತ್ತಾರೆ. ಜ್ವರ ಬರುವ ಮೊದಲು ಮಹೇಶ್ವರಿ ದಿನಕ್ಕೆ ಎಂಟುನೂರು ಹೂ ಮಾಡುತ್ತಿದ್ದಳು.

ಈಗ ಇಪ್ಪತ್ತಾರು.

ಜ್ವರ ಶ್ರಾವಣದಲ್ಲಿ ಬಂದಿತ್ತು. ಹೊಲದ ಡ್ರಿಪ್ಪಿಗೆಂದು ನೀರು ತುಂಬಿಟ್ಟ ಬ್ಯಾರಲ್ಲುಗಳ ಸೊಳ್ಳೆ ಕಚ್ಚಿ ಊರಲ್ಲಿ ಹನ್ನೆರಡು ಮಂದಿ ಮಲಗಿದ್ದರು. ಹನ್ನೊಂದು ಮಂದಿ ಎದ್ದರು. ಮಹೇಶ್ವರಿಗೆ ಐದನೇ ದಿನ ಜ್ವರ ಇಳಿಯಿತು, ಎದ್ದು ರೊಟ್ಟಿ ಬಡಿದಳು, ಸಂಜೆ ಹಲ್ಲಿನ ಸಂದಿಯಿಂದ ರಕ್ತ ಬಂತು. ಮರುದಿನ ಅತ್ತೆಯನ್ನು ನೋಡಿ ಈಕೆ ಯಾರು ಎಂದಳು. ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೆಟೆದುಕೊಂಡವು. ಕುಷ್ಟಗಿಯಿಂದ ಕೊಪ್ಪಳ, ಕೊಪ್ಪಳದಿಂದ ಹುಬ್ಬಳ್ಳಿ. ಅಲ್ಲಿ ಇಪ್ಪತ್ತಮೂರು ದಿನ. ಅದರಲ್ಲಿ ಒಂದು ದಿನವೂ ಅವಳ ಬಳಿ ಇಲ್ಲ. ಬಿಡುಗಡೆಯ ದಿನ ದೊಡ್ಡ ಡಾಕ್ಟರು ತಿರುಮಲೇಶನನ್ನು ಕೂರಿಸಿಕೊಂಡು ಹೇಳಿದ್ದರು: ಡೆಂಗ್ಯೂ ಎಲ್ಲರಿಗೂ ಹೀಗೆ ಮಾಡುವುದಿಲ್ಲ. ಇವರಿಗೆ ಪ್ಲೇಟ್ಲೆಟ್ ಒಂಬತ್ತು ಸಾವಿರಕ್ಕೆ ಇಳಿದು ಮಿದುಳಿನಲ್ಲಿ ಎರಡು ಕಡೆ ರಕ್ತ ಒಸರಿದೆ, ಊತವೂ ಬಂದಿತ್ತು. ಜೀವ ಉಳಿದಿದೆ. ಏನು ಉಳಿದಿದೆ, ಏನು ಹೋಗಿದೆ ಅನ್ನುವುದು ಮನೆಗೆ ಹೋದ ಮೇಲೆ ನಿಮಗೇ ಗೊತ್ತಾಗುತ್ತದೆ.

ಗೊತ್ತಾಯಿತು. ಉಪ್ಪನ್ನು ನೋಡಿ "ಆ ಬಿಳೇದು" ಎಂದಳು, ಹೆಸರು ನಾಲಗೆಗೆ ಬರಲಿಲ್ಲ. ಬಲಗೈ ನಡುಗಿತು. ಎಣ್ಣೆ ಹೊತ್ತಿದರೂ ಮೂಗಿಗೆ ಗೊತ್ತಾಗಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಮಾತಿನ ನಡುವೆ, ಕಸ ಗುಡಿಸುವ ನಡುವೆ, ಕಣ್ಣು ತೆರೆದಿದ್ದ ಹಾಗೆಯೇ ಅವಳು ನಿಂತುಬಿಡುತ್ತಿದ್ದಳು. ಒಂದು ನಿಮಿಷ, ಎರಡು ನಿಮಿಷ. ಕರೆದರೆ ಓಗೊಡುತ್ತಿರಲಿಲ್ಲ. ಆಮೇಲೆ ಏನೂ ಆಗದವಳಂತೆ ಕಸಬರಿಗೆ ಮುಂದಕ್ಕೆ ಎಳೆಯುತ್ತಿದ್ದಳು. ಅತ್ತೆ ಮಾರೆವ್ವ ಅದಕ್ಕೆ ಕರೆಂಟು ಹೋಗುವುದು ಎಂದು ಹೆಸರಿಟ್ಟಳು. "ತಡಿರ್ಯೋ, ಅಕಿ ಕರೆಂಟ ಹೋಗೇತಿ, ಬರತೈತಿ." ಆ ಮಾತಿಗೆ ಮನೆಯಲ್ಲಿ ನಗುತ್ತಿದ್ದರು ಕೂಡ. ಮಹೇಶ್ವರಿಯೇ ನಗುತ್ತಿದ್ದಳು, ಕೃಷಿಹೊಂಡದ ದಿನದ ತನಕ.

ಹೊಲದ ಮೇಲ್ಗಡೆ ಇರುವ ಹೊಂಡಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸಿದೆ. ಇಳಿದರೆ ಹತ್ತುವುದಕ್ಕೆ ಹಿಡಿತವಿಲ್ಲ. ಅಂದು ನಾಲ್ಕು ವರ್ಷದ ಮಗಳು ಪಂಪಾವತಿಯ ಕೈ ಹಿಡಿದುಕೊಂಡು ಮಹೇಶ್ವರಿ ಅದರ ದಂಡೆಯ ಮೇಲೆ ಬರುತ್ತಿದ್ದಳು. ಹಿಡಿದಿದ್ದಳು ಎಂಬುದು ನೆನಪಿದೆ. ಆಮೇಲೆ ತಿರುಮಲೇಶ ನೀರಿನಲ್ಲಿ ಎದೆಮಟ್ಟ ನಿಂತು ಮಗುವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಮಾರೆವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು. ಈ ಎರಡರ ನಡುವೆ ಏನೂ ಇಲ್ಲ. ಕತ್ತಲೆಯೂ ಇಲ್ಲ. ಕತ್ತಲೆ ಇದ್ದಿದ್ದರೆ ಕತ್ತಲೆ ಇತ್ತು ಎಂದಾದರೂ ಹೇಳಬಹುದಿತ್ತು.

ಮರುದಿನವೇ ಪಂಪಿಯನ್ನು ಗಂಗಾವತಿಗೆ ಕಳಿಸಿದರು, ಮಹೇಶ್ವರಿಯ ತಂಗಿ ಭವಾನಿಯ ಮನೆಗೆ. ಬಸ್ಸು ಹೋದ ಮೇಲೆ ತಿರುಮಲೇಶ ಹೆಂಡತಿಗೆ ಒಂದು ಮಾತು ಕೊಟ್ಟ. "ಕ್ರಾಸಿಂಗ್ ಶುರು ಆಗಲಿ. ನೀ ಮೊದಲಿನಂಗ ಹೂವಿನ ಕೆಲಸ ಮಾಡೂದು ನಾ ಕಣ್ಣಾರೆ ನೋಡಿದ ದಿನ, ಅವತ್ತ ಹೋಗಿ ಕೂಸನ್ನ ಕರಕೊಂಡು ಬರ್ತೀನಿ. ತಲಿ ನೆಟ್ಟಗ ಇದ್ರ ತಾನ ಆ ಕೆಲಸ ಆಗೂದು?"

ಅವಳು ಅದನ್ನು ಹಿಡಿದುಕೊಂಡಳು. ಉಳಿದಿದ್ದು ಅದೊಂದೇ ಆದ್ದರಿಂದ ಬಿಡದೆ ಹಿಡಿದುಕೊಂಡಳು.

ಕೆಲಸ ಹಿಡಿದು ಐದು ದಿನ ಆಗಿತ್ತು. ಐದು ದಿನವೂ ಒಂದೇ ಆಗಿತ್ತು. ಮಧ್ಯಾಹ್ನ ಮೊಗ್ಗು ಬಿಡಿಸುತ್ತಾಳೆ. ಸಂಜೆ ಮಾತ್ರೆ ನುಂಗುತ್ತಾಳೆ. ಆ ಮಾತ್ರೆ ಬೆಳಗಿನ ಎಂಟೂವರೆ ತನಕ ಅವಳನ್ನು ಹಾಸಿಗೆಗೆ ಒತ್ತಿ ಹಿಡಿದಿರುತ್ತದೆ. ಎದ್ದು, ಉಂಗುರದಲ್ಲಿ ಪುಡಿ ತುಂಬಿಕೊಂಡು, ತನ್ನ ಸಾಲಿಗೆ ಬಂದರೆ ನಿನ್ನೆ ಬಿಡಿಸಿದ ಹೂ ಒಂದೂ ಇಲ್ಲ.

ಮೊದಲ ಬೆಳಿಗ್ಗೆ ತಿರುಮಲೇಶ, "ಕೈ ಜೋರ ಬಿದ್ದಿರಬೇಕು, ಉದುರ್ಯಾವ," ಎಂದ. ಅವಳು ಬಗ್ಗಿ ನೆಲದಲ್ಲಿ ಹುಡುಕಿದಳು. ಉದುರಿದ ಹೂ ನೆಲದಲ್ಲಿರಬೇಕಲ್ಲ. ಇರಲಿಲ್ಲ. ಎರಡನೆಯ ಬೆಳಿಗ್ಗೆಯೂ ಉದುರಿದವು ಎಂದ. ಮೂರನೆಯ ಬೆಳಿಗ್ಗೆ, "ನೀ ಮಾಡಿದ್ದು ಈ ಸಾಲಲ್ಲ, ಪಕ್ಕದ್ದು," ಎಂದ. ಪಕ್ಕದ್ದರಲ್ಲೂ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಅವಳು ಕೇಳಲಿಲ್ಲ, ಹೆದರಿದಳು. ಐದನೆಯ ಬೆಳಿಗ್ಗೆ, ಅಂದರೆ ಇವತ್ತು, ಕೇಳಿದಳು. ತಿರುಮಲೇಶ ಡ್ರಿಪ್ಪಿನ ಪೈಪು ಕೂಡಿಸುತ್ತಿದ್ದ. ತಲೆ ಎತ್ತದೆ ಹೇಳಿದ:

"ನಿನ್ನೆ ಮಧ್ಯಾಹ್ನ ನೀ ಹೂವಿಗೆ ಬಂದ ಇಲ್ಲಲ್ಲ. ತಲಿನೋವು ಅಂತ ಮನ್ಯಾಗ ಮಲಗಿದ್ದಿ."

"ಬಂದಿದ್ನಿರಿ."

"ಇಲ್ಲ ಮಹೇಶ್ವರಿ."

ಅವನು ಅದನ್ನು ಮೃದುವಾಗಿ ಹೇಳಿದ್ದ. ಅದಕ್ಕೇ ಅವಳು ನಂಬಿದಳು. ಹಾಗಾದರೆ ಈಗ ಹೋಗುತ್ತಿರುವುದು ಒಂದೆರಡು ನಿಮಿಷವಲ್ಲ, ಇಡೀ ಮಧ್ಯಾಹ್ನ. ಹೋದದ್ದು ಮಾತ್ರವಲ್ಲ, ಹೋದ ಜಾಗದಲ್ಲಿ ತಲೆ ತನಗೆ ಬೇಕಾದ್ದನ್ನು ತಾನೇ ಮಾಡಿ ತುಂಬುತ್ತಿದೆ. ಮೊಗ್ಗಿನ ತಣ್ಣಗಿನ ಸ್ಪರ್ಶ, ಚಿಮಟ ಜಾರಿ ಉಗುರಿಗೆ ಚುಚ್ಚಿದ್ದು, ಮುಂದಿನ ಸಾಲಿನಲ್ಲಿ ಖಾಜಾಬೀ ಸೀನಿದ್ದು, ಎಲ್ಲ ಸುಳ್ಳು. ಸುಳ್ಳು ಇಷ್ಟು ಸ್ಪಷ್ಟವಾಗಿರುವುದಾದರೆ, ಹೊಂಡದ ದಂಡೆಯಲ್ಲಿ ನಾನು ಕೂಸಿನ ಕೈ ಹಿಡಿದಿದ್ದೆ ಅನ್ನುವುದು?

ಹೊಲದ ಬದುವಿನಲ್ಲಿ ಕೂತು ಅವಳು ಒಂದು ಗಂಟೆ ಅತ್ತಳು. ಆಮೇಲೆ ಮನೆಗೆ ಹೋಗಿ ಪೆನ್ನು ಹುಡುಕಿ ತಂದಳು.

ಇಪ್ಪತ್ತೇಳು. ಇಪ್ಪತ್ತೆಂಟು. ಇಪ್ಪತ್ತೊಂಬತ್ತನೆಯದರಲ್ಲಿ ಕಡ್ಡಿ ಮುರಿಯಿತು, ಮೊಗ್ಗನ್ನು ಕಿತ್ತೆಸೆದಳು, ಗೀಟು ಎಳೆಯಲಿಲ್ಲ. ಹೆಂಗಸರು ಮನೆಗೆ ಹೊರಡುವ ಹೊತ್ತಿಗೆ ಮುಂಗೈಯಲ್ಲಿ ಮೂವತ್ತೊಂದು ಗೀಟುಗಳಿದ್ದವು. ಖಾಜಾಬೀ ಹತ್ತಿರ ಬಂದು ಇಣುಕಿದಳು.

"ಏನವ್ವ ಇದು, ಹಚ್ಚಿ ಹಾಕಿಸಿಕೊಂಡೀಯೇನ? ಗಂಡನ ಹೆಸರು ಬರಿಯೂದು ಬಿಟ್ಟು ಬರೇ ಗೀಟು ಹಾಕ್ಸಿದಿ?"

"ಹೂವಿನ ಲೆಕ್ಕ, ಖಾಜಾಬಿ."

ಖಾಜಾಬೀಯ ನಗು ಅರ್ಧಕ್ಕೆ ನಿಂತಿತು. ಏನೋ ಹೇಳಲು ಬಾಯಿ ತೆರೆದಳು. ಬಾಗಿಲ ಹತ್ತಿರ ನಿಂತಿದ್ದ ಮಾರೆವ್ವನ ಕಡೆ ನೋಡಿದಳು. "ಛಲೋ ಮಾಡಿದಿ ಬಿಡು," ಎಂದು ಬುತ್ತಿಯ ಗಂಟು ಎತ್ತಿಕೊಂಡು ಹೊರಟಳು.

ಸಂಜೆ ಭವಾನಿಯ ವಿಡಿಯೋ ಕಾಲ್ ಬಂತು. ಮೊದಲು ಪಂಪಿಯ ಮೂಗಷ್ಟೇ ಕಾಣಿಸಿತು. ಆಮೇಲೆ ಒಂದು ಕಣ್ಣು.

"ಅವ್ವಾ, ಚಿಗವ್ವನ ಮನಿ ಹಿಂದ ಮಿಲ್ ಐತಿ. ತೌಡಿನ ಗುಡ್ಡದ ಮ್ಯಾಲಿಂದ ನಾ ಜಾರಿದೆ!"

"ಬಿದ್ದಿಲ್ಲ ಹೌದಿಲ್ಲೋ?"

"ಬೀಳಾಕ ಜಾರಿದ್ದು." ಮಗು ಗದರಿಸುವಂತೆ ಹೇಳಿತು. ಆಮೇಲೆ ಫೋನನ್ನು ತೀರ ಹತ್ತಿರ ಹಿಡಿದು ಗುಟ್ಟು ಕೇಳುವಂತೆ, "ಅವ್ವಾ, ನಿನ್ನ ಕರೆಂಟ ಬಂತಾ?" ಎಂದಿತು.

ಭವಾನಿ ಫೋನು ಕಸಿದುಕೊಂಡಳು. "ಅಕ್ಕಾ, ಹುಡುಗಿ ಮಾತು ಮನಸಿಗೆ ಹಚ್ಚಿಕೋಬ್ಯಾಡ. ಮಾವ ಎಲ್ಲಾ ಹೇಳ್ಯಾನ. ದಿನಾ ಮಧ್ಯಾಹ್ನ ತಪ್ಪದ ಹೂವಿಗೆ ಹೋಗ್ತಾಳ, ಇಪ್ಪತ್ತು ಮೂವತ್ತು ಮಾಡ್ತಾಳ, ಭಾಳ ಸುಧಾರಿಸ್ಯಾಳ ಅಂತ. ಕೇಳಿ ಎಷ್ಟು ಖುಷಿ ಆತು ಅಂತಿ."

"ಯಾವಾಗ ಹೇಳಿದ್ರು?"

"ಇವತ್ತ ಮುಂಜಾನೆ."

"ನಿನ್ನೆನೂ ಹೋಗಿದ್ದೆ ಅಂತ ಹೇಳಿದ್ರೇನ?"

"ದಿನಾ ಅಂದ ಮ್ಯಾಲೆ ನಿನ್ನೆನೂ ಬಂತಲ್ಲ? ಯಾಕಕ್ಕ?"

ಏನಿಲ್ಲ ಎಂದು ಫೋನಿಟ್ಟಳು. ಒಂದೇ ಮುಂಜಾನೆ ತಿರುಮಲೇಶ ತಂಗಿಗೆ ಒಂದು ಹೇಳಿದ್ದಾನೆ, ತನಗೆ ಒಂದು. ಎರಡರಲ್ಲಿ ಒಂದು ಸುಳ್ಳು. ಯಾವುದು ಎಂಬುದನ್ನು ಕೇಳಿ ತಿಳಿಯಲು ಬರುವುದಿಲ್ಲ, ನೋಡಿಯೇ ತಿಳಿಯಬೇಕು. ನೋಡಬೇಕೆಂದರೆ ಎಂಟೂವರೆಗಲ್ಲ, ಬೆಳಕು ಹರಿಯುತ್ತಲೇ ಸಾಲಿನಲ್ಲಿ ನಿಂತಿರಬೇಕು.

ಮಾರೆವ್ವ ಮಾತ್ರೆ ಮತ್ತು ನೀರು ತಂದುಕೊಟ್ಟಾಗ ಮಹೇಶ್ವರಿ ಮಾತ್ರೆಯನ್ನು ನಾಲಗೆಯ ಕೆಳಗೆ ಇಟ್ಟುಕೊಂಡು ನೀರು ಕುಡಿದಳು. ಒಂದು ಹೊತ್ತು ತಪ್ಪಿದರೂ ಮತ್ತೆ ಕೈಕಾಲು ಸೆಟೆದಾವು ಎಂದು ಹುಬ್ಬಳ್ಳಿಯಲ್ಲಿ ಹೇಳಿದ್ದು ಅವಳಿಗೆ ಗೊತ್ತಿತ್ತು. ಅದು ಮಾತ್ರ ಮರೆತಿರಲಿಲ್ಲ. ಅತ್ತೆ ಅತ್ತ ಹೋದ ಮೇಲೆ ಮಾತ್ರೆಯನ್ನು ಬಚ್ಚಲಿಗೆ ಉಗಿದಳು.

ಬೆಳಗಿನ ಆರಕ್ಕೆ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಶಾಲು ಹೊದ್ದು, ಬರಿಗಾಲಲ್ಲಿ, ಬದುವಿನ ಗುಂಟ ನಡೆದಳು. ಡಿಸೆಂಬರಿನ ಇಬ್ಬನಿಗೆ ಪಾದ ಮರಗಟ್ಟಿತು. ಪರದೆಯೊಳಗೆ ಯಾರೋ ಮಾತಾಡುತ್ತಿದ್ದರು. ಅವಳು ಪರದೆಯ ಹೊರಗೇ ನಿಂತಳು, ತನ್ನ ಸಾಲುಗಳ ಹಿಂಬದಿಗೆ.

ಮಾರೆವ್ವ ಮತ್ತು ಖಾಜಾಬೀ ಹಿಂದಿನ ಮೂರು ಸಾಲಿನಲ್ಲಿದ್ದರು. ಸೊಂಟಕ್ಕೆ ಉಡಿ ಕಟ್ಟಿಕೊಂಡು ಎರಡೂ ಕೈಯಿಂದ ಹೂ ಕೀಳುತ್ತಿದ್ದರು. ಒಂದೂ ಬಿಡದೆ. ಅರಳಿದ ಹಳದಿ ಹೂಗಳು ಉಡಿಗೆ ಬೀಳುತ್ತಿದ್ದವು. ಕೊಳವೆಯಿಲ್ಲದ ಬೋಳು ಹೂ ಸಿಕ್ಕರೆ ಖಾಜಾಬೀ ಅದನ್ನು ಬೇರೆ ಒಂದು ಡಬ್ಬಿಗೆ ಹಾಕುತ್ತಿದ್ದಳು.

"ಇವತ್ತ ಮೂವತ್ತೊಂದು ಅದಾವು ನೋಡಬೇ," ಎಂದಳು ಖಾಜಾಬೀ. "ಕೈಮ್ಯಾಲೆ ಬರಕೊಂಡಿದ್ಲು ಪಾಪ."

"ಲಗೂ ಕೀಳು. ಬಿಸಲಾದ್ರ ಪುಡಿ ಉದರತೈತಿ."

"ಗಂಡು ಗಿಡಕ್ಕ ಗಂಡು ಹುಡುಕಾಕತ್ತಾಳ ನಿನ್ನ ಸೊಸಿ. ಯಾವ ಕಾಲಕ್ಕ ಕೂಸು ಹುಟ್ಟಬೇಕು?" ಖಾಜಾಬೀ ನಕ್ಕಳು. ಮರುಕ್ಷಣ ತಾನೇ ಕೆನ್ನೆಗೆ ಬಡಿದುಕೊಂಡಳು. "ತೋಬಾ, ತೋಬಾ. ನನ್ನ ಬಾಯಿ ಸುಡ್ಲಿ. ಆದ್ರ ಮಾರೆವ್ವಕ್ಕ, ಇದು ನ್ಯಾಯ ಅಲ್ಲ ಬಿಡು. ದಿನಾ ಬಂದು ನೆಲ ಹುಡುಕ್ತಾಳ, ನನಗ ನೋಡಾಕ ಆಗವಲ್ದು."

"ನನಗ ಆಗತೈತೇನ? ನನ್ನ ಮಗ ಹೇಳಿದ್ದ ಕೇಳೂದು."

ಮಹೇಶ್ವರಿ ಪರದೆಯನ್ನು ನೆಲದಿಂದ ಕಿತ್ತು ಕೆಳಗಿನಿಂದ ನುಗ್ಗಿದಳು. ಖಾಜಾಬೀ ಕಿರುಚಿದಳು. ಉಡಿಯ ಹೂವೆಲ್ಲ ಚೆಲ್ಲಿತು. ಮಹೇಶ್ವರಿ ಡಬ್ಬಿಯನ್ನು ಕಸಿದುಕೊಂಡು ನೆಲಕ್ಕೆ ಸುರಿದಳು, ಮಂಡಿಯೂರಿ ಕೂತಳು, ಮುಂಗೈಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಬೋಳು ಹೂವನ್ನು ಒಂದೊಂದು ಗೀಟಿಗೆ ಎಣಿಸಿದಳು. ಮಧ್ಯದಲ್ಲಿ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದಳು. ಮೂವತ್ತೊಂದು.

"ಅದಾವು," ಎಂದಳು. "ಅದಾವಲ್ರಿ! ನಾ ಬಂದಿದ್ದೆ! ಎಲ್ಲಾ ಮಾಡಿದ್ದೆ! ನನ್ನ ತಲಿ ನೆಟ್ಟಗೈತಿ!"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನೋಡಿದವರಿಗೆ ತಿಳಿಯಲಿಲ್ಲ. ಕೂಗು ಕೇಳಿ ತಿರುಮಲೇಶ ಮೋಟರಿನ ಕಡೆಯಿಂದ ಓಡಿ ಬಂದ. ನೆಲದ ಮೇಲಿನ ಹೂ, ಹೆಂಡತಿಯ ಕೈ, ತಾಯಿಯ ಮುಖ ನೋಡಿದ. ಯಾರೂ ಹೇಳಬೇಕಾಗಲಿಲ್ಲ.

"ಐದು ದಿನ," ಎಂದಳು ಮಹೇಶ್ವರಿ. "ಐದು ದಿನ ನಾ ಹುಚ್ಚಿ ಆಗೀನಿ ಅಂತ ತಿಳಕೊಂಡಿದ್ದೆ. ಬಂದಿಲ್ಲ ಅಂದ್ರಿ. ಮಲಗಿದ್ದಿ ಅಂದ್ರಿ."

"ನಿನಗ ನೆನಪು ಇರಾಂಗಿಲ್ಲ ಅನಕೊಂಡಿದ್ದೆ."

ಆ ಮಾತು ಅವನಿಗೇ ಕೇಳಿಸಿತು. ಕೈಯೊರೆಸಿಕೊಂಡ. "ಮುಂಜಾನಿ ಎದ್ದು ಇವನ್ನ ಹುಡುಕ್ತಿ ಅಂತ ಅನಕೊಂಡಿರಲಿಲ್ಲ. ದಿನಾ ಹೊಸದಾಗಿ ಬಿಡಿಸ್ತಿ, ದಿನಾ ಮರೀತಿ, ಸಮಾಧಾನದಾಗ ಇರ್ತಿ ಅಂತ... ಕಂಪನಿ ಪ್ರಭುರಾಜ ಬಂದು ಖಡಕ್ಕಾಗಿ ಹೇಳಿ ಹೋದ, ಅಕಿ ಕೈ ಹೆಣ್ಣು ಗಿಡಕ್ಕ ಹತ್ತಬಾರದು, ಹತ್ತಿದ್ರ ನಿನ್ನ ಬೀಜ ನಮಗ ಬ್ಯಾಡ ಅಂತ. ನೀ ನೋಡಿದ್ರ ಚಿಮಟ ಹಿಡಕೊಂಡು ತಯಾರಾಗಿ ನಿಂತಿ. ಏನ್ ಮಾಡ್ಲಿ ನಾ? ಗಂಡು ಗಿಡದ ಸಾಲು ಕೊಟ್ಟೆ. ಅದರ ಹೂ ಹೆಂಗೂ ಪುಡಿಗಂತ ದಿನಾ ಮುಂಜಾನಿ ಕೀಳೂದ ಐತಿ, ನೀ ಬಿಡಿಸಿದ್ರೂ ಬೀಜ ಕೆಡಾಂಗಿಲ್ಲ ಅಂತ."

"ಗಂಡು ಗಿಡ," ಎಂದಳು ಮಹೇಶ್ವರಿ.

ಅವಳು ಆಗ ಗಿಡದ ಕಡೆ ತಿರುಗಿದಳು. ಐದು ದಿನದಿಂದ ಮುಖಕ್ಕೆ ಮುಖ ಕೊಟ್ಟು ನಿಂತಿದ್ದ ಗಿಡ. ಖಾಜಾಬೀ ತಡೆಯಲಾರದೆ ಹೇಳಿದಳು: "ಎಲಿ ನೋಡವ್ವ. ಆಲೂಗಡ್ಡಿ ಎಲಿಯಂಗ ಅಗಲ ಅದಾವಲ್ಲ, ಗರಗಸ ಇಲ್ಲ. ನಮಗೆಲ್ಲ ನೀನ ಕಲಿಸಿದ್ದು ಅಲ್ಲೇನ ಇದನ್ನ?"

ಹೌದು, ಅವಳೇ. ಹೊಸದಾಗಿ ಕೆಲಸಕ್ಕೆ ಬಂದ ಪ್ರತಿಯೊಬ್ಬಳಿಗೂ ಎರಡು ಎಲೆ ಪಕ್ಕಪಕ್ಕ ಹಿಡಿದು ತೋರಿಸಿದ್ದಳು. ಈಗ ನೋಡಿದಳು. ಹಸಿರು. ಅಂಚು ಇತ್ತು, ನಡುವೆ ನರ ಇತ್ತು, ಎಲ್ಲ ಬಿಡಿಬಿಡಿಯಾಗಿ ಇತ್ತು. ಅವೆಲ್ಲ ಕೂಡಿ ಇಂಥ ಎಲೆ ಎಂದು ಆಗಬೇಕಾದ ಜಾಗದಲ್ಲಿ ಏನೂ ಆಗಲಿಲ್ಲ. ಅವಳು ಮುಂದಿನ ಸಾಲಿಗೆ ಓಡಿ ಅಲ್ಲಿಯ ಗಿಡ ನೋಡಿದಳು. ಹಸಿರು. ಹಿಂದಕ್ಕೆ ಬಂದಳು. ಹಸಿರು. ಬಾಯಿ ತೆರೆದು ಏನನ್ನೋ

ಸೆರಗು ಒದ್ದೆಯಾಗಿತ್ತು. ಅವಳು ನೆಲದಲ್ಲಿ ಕೂತಿದ್ದಳು, ಬೆನ್ನಿಗೆ ಗೂಟ. ಬಿಸಿಲು ಪರದೆಯ ಮೇಲೆ ಬಂದಿತ್ತು. ಖಾಜಾಬೀ ಇರಲಿಲ್ಲ, ಚೆಲ್ಲಿದ ಹೂವನ್ನು ಯಾರೋ ಗುಡಿಸಿದ್ದರು.

"ಬಂತೇನವ್ವ? ಬಂತು. ಬಂತು," ಎಂದಳು ಮಾರೆವ್ವ, ಮುಖ ಒರೆಸುತ್ತ. "ಭಾಳ ಹೊತ್ತು ಹೋಗಿತ್ತು ಈ ಸಲ. ನಿನ್ನೆ ಗುಳಿಗಿ ನುಂಗಿಲ್ಲ ಹೌದಿಲ್ಲೋ? ಬಚ್ಚಲದಾಗ ಸಿಕ್ತು. ತಿರುಮಲೇಶ ತರಾಕ ಹೋಗ್ಯಾನ. ಅಲುಗ್ಯಾಡಬ್ಯಾಡ."

ಮಾರೆವ್ವ ಎದ್ದು ಬಾಗಿಲ ಕಡೆ ನಾಲ್ಕು ಹೆಜ್ಜೆ ಹೋಗಿ, ಬೆನ್ನು ಈಚೆ ಮಾಡಿ, ಮಗ ಬರುವ ದಾರಿ ನೋಡುತ್ತ ನಿಂತಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮಹೇಶ್ವರಿ ಮುಂಗೈ ನೋಡಿಕೊಂಡಳು. ಬೆವರಿಗೆ ಗೀಟುಗಳು ಕದಡಿದ್ದವು. ಮೂವತ್ತೊಂದು ಸುಳ್ಳಲ್ಲ. ಗಿಡವೂ ಸುಳ್ಳಲ್ಲ. ತನ್ನ ತಲೆ ನಿನ್ನೆಯನ್ನು ಹಿಡಿದಿಟ್ಟುಕೊಂಡಿದೆ, ಕಣ್ಣ ಮುಂದಿನ ಎಲೆಯನ್ನು ಕೈಬಿಟ್ಟಿದೆ. ಎಷ್ಟು ಉಳಿದಿದೆ, ಎಷ್ಟು ಹೋಗಿದೆ? ಒಳಗಿನಿಂದ ಹೇಳಲು ಬರುವುದಿಲ್ಲ. ಹೊರಗೆ ನಿಂತ ಯಾರಾದರೂ ಹೇಳಬೇಕು. ಕೂಸು ಕೈಯಲ್ಲಿರುವಾಗ, ಹೊಂಡದ ದಂಡೆಯಲ್ಲಿ, ಒಲೆಯ ಮುಂದೆ, ಈಗ ನೀನು ಸರಿಯಿಲ್ಲ, ಕೂಸನ್ನು ಇಲ್ಲಿ ಕೊಡು ಎಂದು ಮುಖದ ಮೇಲೆ ಹೇಳುವ ಒಬ್ಬ ಮನುಷ್ಯ ಬೇಕು. ಅಂಥವನು ಒಬ್ಬನಿದ್ದರೆ ಸಾಕು, ಪಂಪಿ ಮನೆಗೆ ಬರಬಹುದು.

ಅವಳು ಕೂತಲ್ಲಿಂದಲೇ ಪಕ್ಕದ ಗಿಡಕ್ಕೆ ಕೈ ಚಾಚಿದಳು. ಒಂದು ಎಲೆ ಮುರಿದಳು. ಅದೇ ಗಿಡದ ಅದೇ ಟೊಂಗೆಯಿಂದ ಇನ್ನೊಂದು ಮುರಿದಳು. ಕೈಗೊಂದು ಎಲೆ ಹಿಡಿದು ಶಾಲಿನೊಳಗೆ ಇಟ್ಟುಕೊಂಡಳು.

ತಿರುಮಲೇಶ ಏದುಸಿರು ಬಿಡುತ್ತ ಬಂದ. ಮಾತ್ರೆ ಕೊಟ್ಟ, ಬಾಟಲಿಯ ಮುಚ್ಚಳ ಬಿಚ್ಚಿ ಬಾಯಿಗೆ ಹಿಡಿದ. ಅವಳು ನುಂಗಿದಳು, ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದಳು. ಅವನು ತಾಯಿಗೆ, "ನೀ ಹೋಗಿ ಹೂ ಒಣಾಕ ಹಾಕಬೇ, ನಾ ಇಲ್ಲೇ ಇರ್ತೀನಿ," ಎಂದ. ಮಾರೆವ್ವ ಹೋದಳು. ಅವನು ಹೆಂಡತಿಯ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಬೈಯಿ," ಎಂದ. "ಹೊಡಿ ಬೇಕಾದ್ರ. ಸುಮ್ನ ಕುಂದರಬ್ಯಾಡ."

"ಒಂದು ಕೇಳ್ತೀನಿ. ನೆಟ್ಟಗ ಹೇಳ್ರಿ. ಮತ್ತ ಸುಳ್ಳು ಬ್ಯಾಡ."

"ನಮ್ಮ ಪಂಪಿ ಆಣೆ, ಸುಳ್ಳು ಹೇಳಂಗಿಲ್ಲ."

ಅವಳು ಶಾಲಿನಿಂದ ಎರಡೂ ಕೈ ಹೊರಗೆ ತೆಗೆದಳು. ಎಡಗೈ ಮುಂದೆ ಮಾಡಿದಳು. "ಇದು ಗಂಡು ಗಿಡದ್ದು." ಬಲಗೈ ಮುಂದೆ ಮಾಡಿದಳು. ಎಲೆ ನಡುಗುತ್ತಿತ್ತು. "ಇದು ಹೆಣ್ಣು ಗಿಡದ್ದು. ಸರಿ ಹೇಳಿದೆನ್ರಿ?"

ತಿರುಮಲೇಶ ಎಲೆಗಳನ್ನು ನೋಡಿದ. ಹದಿನೈದು ವರ್ಷದಿಂದ ಈ ಎಲೆಗಳ ನಡುವೆ ಇದ್ದವನು. ಒಂದು ಸಲ ಎಡಗೈ, ಒಂದು ಸಲ ಬಲಗೈ, ಆಮೇಲೆ ಅವಳ ಮುಖ. ಮುಖವನ್ನೇ ಬಹಳ ಹೊತ್ತು ನೋಡಿದ.

"ಹೌದು," ಎಂದ. "ಎರಡೂ ಬರೋಬ್ಬರಿ ಹೇಳಿದಿ."

ಅವಳು ಎಲೆಗಳನ್ನು ತೊಡೆಯ ಮೇಲೆ ಇಟ್ಟಳು, ಒಂದರ ಮೇಲೊಂದು.

"ನೋಡಿದ್ಯಾ?" ಅವನ ಧ್ವನಿ ಹಗುರಾಯಿತು, ಕಣ್ಣು ತುಂಬಿತು. "ಗಾಬರ್‍ಯಾಗ ಆಗ ತಿಳೀಲಿಲ್ಲ, ಅಷ್ಟ. ಈಗ ತಾನ ತಿಳೀತು. ಎಲ್ಲಾ ಬರತೈತಿ ನಿನಗ. ನಾನ ತಪ್ಪು ಮಾಡಿದೆ. ಪ್ರಭುರಾಜಗ ನಾ ಹೇಳ್ಕೊಂತೀನಿ, ನಾಳೆಯಿಂದ ಮುಂದಿನ ಸಾಲಿಗೆ ಬಾ. ಮತ್ತ ಕೇಳು, ಇವತ್ತ ಹನ್ನೊಂದರ ಬಸ್ಸಿಗೆ ನಾ ಗಂಗಾವತಿಗೆ ಹೋಗ್ತೀನಿ. ಸಂಜಿಗೆ ಪಂಪಿ ನಿನ್ನ ತೊಡಿ ಮ್ಯಾಲ ಇರ್ತಾಳ. ಮಾತು ಕೊಟ್ಟಿದ್ನಲ್ಲ? ಕರಕೊಂಡು ಬರ್ತೀನಿ. ಆತಿಲ್ಲೋ?"

"ಒಲ್ಲೆ," ಎಂದಳು ಮಹೇಶ್ವರಿ. "ಕರಕೊಂಡು ಬರಬ್ಯಾಡ್ರಿ."